ವಿಕಿರಣ ಇಳಿಸಿಯೂ ಶ್ವಾಸಕೋಶ ಸ್ಪಷ್ಟವಾಗಿ ಕಾಣುವುದು ಹೇಗೆ?

ಎದೆಯ ಸಿಟಿ ಸ್ಕ್ಯಾನ್ ಮಾಡಿಸಿ ಎಂದು ವೈದ್ಯರು ಬರೆದುಕೊಟ್ಟ ಕೂಡಲೇ ಮನೆಯವರಲ್ಲಿ ಏಳುವ ಮೊದಲ ಪ್ರಶ್ನೆ ವಿಕಿರಣದ್ದು. ಒಂದು ಸಿಟಿ ಎಂದರೆ 60 ಎಕ್ಸ್‌ರೇಗೆ ಸಮ ಎಂದು ಒಬ್ಬರು ಹೇಳಿದರೆ, ಅಲ್ಲ, 300ಕ್ಕೆ ಸಮ ಎಂದು ಇನ್ನೊಬ್ಬರು ಹೆದರಿಸುತ್ತಾರೆ. ಕೋವಿಡ್ ಕಾಲದಲ್ಲಿ ಬಹಳಷ್ಟು ಜನ ಮೊದಲ ಸಲ ಈ ಯಂತ್ರದೊಳಗೆ ಮಲಗಿದರು. ಬೇರೇನೋ ಹುಡುಕಲು ಹೋಗಿ ಶ್ವಾಸಕೋಶದಲ್ಲೊಂದು ಸಣ್ಣ ಗಂಟು ಕಂಡು, ಆರು ತಿಂಗಳು ಬಿಟ್ಟು ಮತ್ತೆ ಬನ್ನಿ ಎನಿಸಿಕೊಂಡವರೂ ಇದ್ದಾರೆ. ದೀರ್ಘಕಾಲ ಧೂಮಪಾನ ಮಾಡಿದವರಿಗೆ ವರ್ಷಕ್ಕೊಮ್ಮೆ ಲೋ-ಡೋಸ್ ಸಿಟಿ ಮಾಡಿಸುವ ಸಲಹೆ ಹಲವು ದೇಶಗಳಲ್ಲಿ ಜಾರಿಯಲ್ಲಿದೆ. ಒಮ್ಮೆ ಮಾಡಿಸಿ ಮರೆಯುವ ಪರೀಕ್ಷೆಯಾಗಿದ್ದಾಗ ಅಷ್ಟಾಗಿ ಕಾಡದಿದ್ದ ಪ್ರಶ್ನೆ, ಮತ್ತೆ ಮತ್ತೆ ಮಾಡಿಸಬೇಕಾದಾಗ ದೊಡ್ಡದಾಗುತ್ತದೆ: ವಿಕಿರಣ ಕಡಿಮೆ ಮಾಡಿದರೆ ಚಿತ್ರ ಕೆಡುವುದಿಲ್ಲವೇ?

ಕೆಡುತ್ತದೆ. ಆದರೆ ಎಷ್ಟು ಕೆಡುತ್ತದೆ, ಯಾವುದಕ್ಕೆ ಅಡ್ಡಿಯಾಗುತ್ತದೆ, ಕೆಟ್ಟದ್ದನ್ನು ಎಷ್ಟರಮಟ್ಟಿಗೆ ಸರಿಪಡಿಸಬಹುದು ಎಂಬುದಕ್ಕೆ ಸ್ಪಷ್ಟವಾದ ಲೆಕ್ಕಗಳಿವೆ.

ಮೊದಲು 60 ಮತ್ತು 300ರ ಗೊಂದಲ

ಸ್ಕ್ಯಾನ್ ಮುಗಿದ ಮೇಲೆ ಯಂತ್ರ ತಾನಾಗಿಯೇ ಒಂದು ಡೋಸ್ ರಿಪೋರ್ಟ್ ಸಿದ್ಧಪಡಿಸುತ್ತದೆ. ಅದರಲ್ಲಿ ಎರಡು ಸಂಖ್ಯೆಗಳು ಮುಖ್ಯ. ಮೊದಲನೆಯದು ಸಿಟಿಡಿಐ: ಸ್ಕ್ಯಾನ್ ಆದ ಭಾಗದ ಪ್ರತಿ ಹೋಳಿಗೆ ಯಂತ್ರ ಸುರಿದ ವಿಕಿರಣದ ಪ್ರಮಾಣ. ಇದರ ಮಾನ ಮಿಲಿಗ್ರೇ. ಎರಡನೆಯದು ಡಿಎಲ್‌ಪಿ: ಆ ಪ್ರಮಾಣವನ್ನು ಸ್ಕ್ಯಾನ್ ಮಾಡಿದ ಉದ್ದದಿಂದ ಗುಣಿಸಿದ್ದು. ಡಿಎಲ್‌ಪಿಯನ್ನು ಎದೆಗೆ ಒಪ್ಪುವ 0.014 ಎಂಬ ಗುಣಕದಿಂದ ಗುಣಿಸಿದರೆ ದೇಹದ ಒಟ್ಟಾರೆ ಅಪಾಯವನ್ನು ಅಂದಾಜಿಸುವ ಮಿಲಿಸೀವರ್ಟ್ ಲೆಕ್ಕ ಸಿಗುತ್ತದೆ.

ಒಂದು ಉದಾಹರಣೆ ನೋಡಿ. ಸಾಮಾನ್ಯ ಎದೆ ಸ್ಕ್ಯಾನ್‌ನಲ್ಲಿ ಸಿಟಿಡಿಐ 12 ಮಿಲಿಗ್ರೇ, ಉದ್ದ 35 ಸೆಂ.ಮೀ. ಎಂದಿಟ್ಟುಕೊಳ್ಳೋಣ. ಡಿಎಲ್‌ಪಿ 420, ಅಂದರೆ ಸುಮಾರು 5.9 ಮಿಲಿಸೀವರ್ಟ್. ಇದೇ ಉದ್ದವನ್ನು 3 ಮಿಲಿಗ್ರೇಯಲ್ಲಿ ತೆಗೆದರೆ ಡಿಎಲ್‌ಪಿ 105, ಸುಮಾರು 1.5 ಮಿಲಿಸೀವರ್ಟ್. ಈ 3 ಮಿಲಿಗ್ರೇ ಎಂಬುದು ಶ್ವಾಸಕೋಶದ ಕ್ಯಾನ್ಸರ್ ತಪಾಸಣೆಗೆ, ಮಧ್ಯಮ ಮೈಕಟ್ಟಿನವರಿಗೆ, ಅಮೆರಿಕದಲ್ಲಿ ನಿಗದಿಯಾಗಿರುವ ಮೇಲ್ಮಿತಿ. ಲೋ-ಡೋಸ್ ಎಂದು ಕರೆಯುವುದು ಇದನ್ನೇ.

ಈಗ ಎಕ್ಸ್‌ರೇಗೆ ಹೋಲಿಸೋಣ. ಎದುರಿನಿಂದ ತೆಗೆಯುವ ಒಂದೇ ಎದೆ ಎಕ್ಸ್‌ರೇಗೆ ಸುಮಾರು 0.02 ಮಿಲಿಸೀವರ್ಟ್. ಎದುರು ಮತ್ತು ಪಕ್ಕ ಎರಡನ್ನೂ ಸೇರಿಸಿದ ಪರೀಕ್ಷೆಗೆ ಸಾಮಾನ್ಯವಾಗಿ ಕೊಡುವ ಅಂಕಿ 0.1. ಒಂದರಿಂದ ಭಾಗಿಸಿದರೆ 300, ಇನ್ನೊಂದರಿಂದ ಭಾಗಿಸಿದರೆ 60. ಇಬ್ಬರೂ ಸುಳ್ಳು ಹೇಳುತ್ತಿಲ್ಲ; ಬೇರೆ ಬೇರೆ ಎಕ್ಸ್‌ರೇಯನ್ನು ಅಳತೆಗೋಲಾಗಿ ಹಿಡಿದಿದ್ದಾರೆ. ಲೋ-ಡೋಸ್ ಸ್ಕ್ಯಾನ್ ಆದರೆ ಇದೇ ಸಂಖ್ಯೆಗಳು 75 ಮತ್ತು 15ಕ್ಕೆ ಇಳಿಯುತ್ತವೆ.

ಹೋಲಿಕೆಗೆ ಇದಕ್ಕಿಂತ ಒಳ್ಳೆಯ ಆಧಾರವೊಂದಿದೆ. ಮಣ್ಣು, ಕಲ್ಲು, ಗಾಳಿಯಲ್ಲಿನ ರೇಡಾನ್, ಆಕಾಶದಿಂದ ಬರುವ ಕಿರಣಗಳು, ತಿನ್ನುವ ಆಹಾರ ಎಲ್ಲ ಸೇರಿ ಒಬ್ಬ ಮನುಷ್ಯನಿಗೆ ವರ್ಷಕ್ಕೆ ಜಾಗತಿಕ ಸರಾಸರಿ 2.4 ಮಿಲಿಸೀವರ್ಟ್ ನೈಸರ್ಗಿಕ ವಿಕಿರಣ ತಗಲುತ್ತದೆ. ಸಾಮಾನ್ಯ ಎದೆ ಸಿಟಿ ಎಂದರೆ ಅದರ ಎರಡೂವರೆ ವರ್ಷದ ಪಾಲು. ಲೋ-ಡೋಸ್ ಎಂದರೆ ಏಳೆಂಟು ತಿಂಗಳ ಪಾಲು. ಅಂತರರಾಷ್ಟ್ರೀಯ ವಿಕಿರಣ ಸಂರಕ್ಷಣಾ ಆಯೋಗ ಬಳಸುವ ಅಂದಾಜಿನಂತೆ 1000 ಮಿಲಿಸೀವರ್ಟ್‌ಗೆ ಸುಮಾರು ಶೇ. 5ರಷ್ಟು ಅಪಾಯ. ಅದೇ ಸರಳರೇಖೆಯಲ್ಲಿ ಕೆಳಗಿಳಿದರೆ 1.5 ಮಿಲಿಸೀವರ್ಟ್‌ಗೆ ಲಕ್ಷಕ್ಕೆ ಏಳೆಂಟು. ಇಷ್ಟು ಸಣ್ಣ ಪ್ರಮಾಣದಲ್ಲಿ ಅಪಾಯ ನಿಜಕ್ಕೂ ಸರಳರೇಖೆಯಲ್ಲೇ ಇಳಿಯುತ್ತದೆಯೇ ಎಂಬುದರ ಬಗ್ಗೆ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ಎಚ್ಚರಿಕೆಗಾಗಿ ಹಾಗೆ ಭಾವಿಸಿ ನಡೆಯುತ್ತಾರೆ. ಒಬ್ಬ ವ್ಯಕ್ತಿಗೆ ಈ ಅಪಾಯ ತೀರಾ ಚಿಕ್ಕದು. ಆದರೆ ಲಕ್ಷಾಂತರ ಆರೋಗ್ಯವಂತರನ್ನು ಪ್ರತಿ ವರ್ಷ ಪರೀಕ್ಷಿಸುವಾಗ ಚಿಕ್ಕದೂ ಸೇರಿ ದೊಡ್ಡದಾಗುತ್ತದೆ. ಇಳಿಸಬಹುದಾದದ್ದನ್ನು ಇಳಿಸಲೇಬೇಕು ಎನ್ನುವುದು ಆ ಕಾರಣಕ್ಕೆ.

ಚಿತ್ರದಲ್ಲಿ ಕಾಳು ಏಳುವುದೇಕೆ?

ಸಿಟಿ ಯಂತ್ರದಲ್ಲಿ ಒಂದು ಬದಿಗೆ ಎಕ್ಸ್‌ರೇ ಕೊಳವೆ, ಎದುರು ಬದಿಗೆ ಡಿಟೆಕ್ಟರ್‌ಗಳ ಸಾಲು. ಎರಡೂ ಸೇರಿ ಮಲಗಿದವರ ಸುತ್ತ ಅರೆ ಸೆಕೆಂಡಿನ ಆಸುಪಾಸಿನಲ್ಲಿ ಒಂದು ಸುತ್ತು ಹಾಕುತ್ತವೆ. ಒಂದು ಸುತ್ತಿನಲ್ಲಿ ಸುಮಾರು ಸಾವಿರ ಕೋನಗಳಿಂದ ಅಳತೆ ನಡೆಯುತ್ತದೆ. ಪ್ರತಿ ಕೋನದಲ್ಲೂ ಎಷ್ಟು ಕಿರಣ ಹೊರಟಿತು, ಎಷ್ಟು ದಾಟಿ ಬಂತು ಎಂಬ ಲೆಕ್ಕ. ಈ ಎಲ್ಲ ಲೆಕ್ಕಗಳನ್ನು ಜೋಡಿಸಿ ಒಳಗಿನ ಪ್ರತಿ ಬಿಂದು ಎಷ್ಟು ಕಿರಣವನ್ನು ತಡೆಯಿತು ಎಂದು ಕಂಪ್ಯೂಟರ್ ಬಿಡಿಸುತ್ತದೆ. ಪ್ರತಿ ಬಿಂದುವಿಗೂ ಒಂದು ಸಂಖ್ಯೆ. ಈ ತಂತ್ರವನ್ನು ಕಟ್ಟಿದ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಹೆಸರಿನಲ್ಲೇ ಆ ಸಂಖ್ಯೆಯ ಮಾನವಿದೆ: ನೀರಿಗೆ 0, ಗಾಳಿಗೆ ಮೈನಸ್ 1000. ಗಾಳಿ ತುಂಬಿದ ಶ್ವಾಸಕೋಶ ಮೈನಸ್ 850ರ ಸುತ್ತಮುತ್ತ, ಮಾಂಸಖಂಡ 40-60, ಗಟ್ಟಿ ಮೂಳೆ ನೂರಾರು.

ಎಕ್ಸ್‌ರೇ ಎಂಬುದು ಎಡೆಬಿಡದೆ ಹರಿಯುವ ಧಾರೆಯಲ್ಲ. ಫೋಟಾನ್ ಎಂಬ ಬಿಡಿ ಬಿಡಿ ಕಣಗಳು. ಮಳೆಯ ಮೊದಲ ಹನಿಗಳು ಚೌಕ ಚೌಕವಾದ ಕಲ್ಲುಹಾಸಿನ ಮೇಲೆ ಬೀಳುವುದನ್ನು ನೆನೆಯಿರಿ. ಒಂದು ಚೌಕಕ್ಕೆ ಮೂರು ಹನಿ, ಪಕ್ಕದ್ದಕ್ಕೆ ಒಂದೂ ಇಲ್ಲ. ಮಳೆ ಎಲ್ಲ ಕಡೆ ಒಂದೇ ಸಮ ಸುರಿಯುತ್ತಿದ್ದರೂ ನೆಲ ಚುಕ್ಕೆ ಚುಕ್ಕೆಯಾಗಿ ಕಾಣುತ್ತದೆ. ಜೋರಾಗಿ ಸುರಿದ ಮೇಲೆ ಎಲ್ಲ ಚೌಕಗಳೂ ಸಮವಾಗಿ ನೆನೆಯುತ್ತವೆ. ಡಿಟೆಕ್ಟರ್ ಮೇಲೆ ಫೋಟಾನ್‌ಗಳು ಬೀಳುವುದೂ ಹೀಗೆಯೇ. ಕಡಿಮೆ ಬಿದ್ದಾಗ, ಒಂದೇ ಬಗೆಯ ಅಂಗಾಂಶವೂ ಚಿತ್ರದಲ್ಲಿ ಕಾಳುಕಾಳಾಗಿ ಕಾಣುತ್ತದೆ. ತಂತ್ರಜ್ಞರು ಇದನ್ನು ನಾಯ್ಸ್ ಎನ್ನುತ್ತಾರೆ.

ಈ ಕಾಳಿನ ಪ್ರಮಾಣ ವಿಕಿರಣದ ವರ್ಗಮೂಲಕ್ಕೆ ವಿಲೋಮವಾಗಿ ಬದಲಾಗುತ್ತದೆ. ವಿಕಿರಣ ಅರ್ಧಕ್ಕಿಳಿದರೆ ನಾಯ್ಸ್ ಶೇ. 41 ಏರುತ್ತದೆ, ಕಾಲುಭಾಗಕ್ಕಿಳಿದರೆ ಎರಡು ಪಟ್ಟು. ಮೇಲಿನ ಉದಾಹರಣೆಯಲ್ಲಿ 12 ಮಿಲಿಗ್ರೇಯಿಂದ 3ಕ್ಕೆ ಇಳಿದಾಗ ಆಗಿದ್ದು ಇದೇ. ಈ ನಿಯಮದ ಒಳ್ಳೆಯ ಮುಖವೂ ಇದೆ: ನಾಲ್ಕನೇ ಮೂರು ಭಾಗ ವಿಕಿರಣ ಉಳಿಸಿದರೂ ಚಿತ್ರ ನಾಲ್ಕು ಪಟ್ಟು ಕೆಡುವುದಿಲ್ಲ, ಎರಡೇ ಪಟ್ಟು.

ಶ್ವಾಸಕೋಶಕ್ಕಿರುವ ಅನುಕೂಲ

ಎರಡು ಪಟ್ಟು ನಾಯ್ಸ್ ತಡೆದುಕೊಳ್ಳಬಹುದೇ ಎಂಬುದು ಏನನ್ನು ಹುಡುಕುತ್ತಿದ್ದೇವೆ ಎಂಬುದರ ಮೇಲೆ ನಿಂತಿದೆ. ನಾಯ್ಸ್ 20ರಿಂದ 40 ಹೌನ್ಸ್‌ಫೀಲ್ಡ್‌ಗೆ ಏರಿತು ಎನ್ನಿ. ಯಕೃತ್ತಿನಲ್ಲಿ ಗೆಡ್ಡೆಗೂ ಸುತ್ತಲಿನ ಅಂಗಾಂಶಕ್ಕೂ ಇರುವ ಅಂತರ ಎಷ್ಟೋ ಸಲ 20-30 ಮಾತ್ರ. ಅದು ಕಾಳಿನಲ್ಲಿ ಮುಳುಗಿಹೋಗುತ್ತದೆ. ಶ್ವಾಸಕೋಶದ ಗಟ್ಟಿ ಗಂಟು ಸುಮಾರು ಪ್ಲಸ್ 30, ಅದರ ಸುತ್ತ ಗಾಳಿ ತುಂಬಿದ ಮೈನಸ್ 850ರ ಶ್ವಾಸಕೋಶ. ಅಂತರ 880. ನಾಯ್ಸ್ 40 ಇದ್ದರೂ 60 ಇದ್ದರೂ ಗಂಟು ಎದ್ದು ಕಾಣುತ್ತದೆ.

ಬೇರೆ ಬಹುತೇಕ ಅಂಗಗಳಿಗೆ ಇಷ್ಟು ಸುಲಭವಾಗಿ ಡೋಸ್ ಇಳಿಸಲಾಗದು. ಶ್ವಾಸಕೋಶಕ್ಕೆ ಈ ಅವಕಾಶ ಕೊಟ್ಟಿರುವುದು ಅದರೊಳಗಿನ ಗಾಳಿ. 53 ಸಾವಿರಕ್ಕೂ ಹೆಚ್ಚು ಜನರನ್ನು ಒಳಗೊಂಡು 2011ರಲ್ಲಿ ಫಲಿತಾಂಶ ಪ್ರಕಟಿಸಿದ ಅಮೆರಿಕದ ನ್ಯಾಷನಲ್ ಲಂಗ್ ಸ್ಕ್ರೀನಿಂಗ್ ಟ್ರಯಲ್ ಬಳಸಿದ್ದು ಸರಾಸರಿ 1.5 ಮಿಲಿಸೀವರ್ಟ್‌ನ ಸ್ಕ್ಯಾನ್. ಹೆಚ್ಚು ಧೂಮಪಾನ ಮಾಡಿದವರಲ್ಲಿ, ಎಕ್ಸ್‌ರೇ ಮಾಡಿಸಿಕೊಂಡ ಗುಂಪಿಗಿಂತ ಲೋ-ಡೋಸ್ ಸಿಟಿ ಗುಂಪಿನಲ್ಲಿ ಶ್ವಾಸಕೋಶ ಕ್ಯಾನ್ಸರ್‌ನ ಸಾವು ಶೇ. 20 ಕಡಿಮೆಯಾಯಿತು. ಕಾಳುಕಾಳಾದ ಚಿತ್ರವೇ ಜೀವ ಉಳಿಸಿತು.

ಅನುಕೂಲಕ್ಕೆ ಮಿತಿಯೂ ಇದೆ. ಮಂಜುಗಾಜಿನಂತೆ ಮಸುಕಾಗಿ ಕಾಣುವ ಗ್ರೌಂಡ್ ಗ್ಲಾಸ್ ಗಂಟುಗಳ ಸಾಂದ್ರತೆ ಮೈನಸ್ 650ರ ಆಸುಪಾಸು. ಸುತ್ತಲಿಗೂ ಅದಕ್ಕೂ ಅಂತರ 200 ಮಾತ್ರ, ಅಂಚೂ ಸ್ಪಷ್ಟವಿರುವುದಿಲ್ಲ. ಡೋಸ್ ತೀರಾ ಇಳಿದಾಗ ಮೊದಲು ಕಣ್ಮರೆಯಾಗುವುದು ಇವೇ. ಎದೆಯ ನಡುವಿನ ದುಗ್ಧಗ್ರಂಥಿಗಳು, ರಕ್ತನಾಳಗಳ ಒಳಗಿನ ಹೆಪ್ಪು ಮುಂತಾದವನ್ನು ನೋಡಬೇಕಾದರೆ ಲೋ-ಡೋಸ್ ಸಾಲದು. ಇವನ್ನು ಎದ್ದು ಕಾಣಿಸುವ ಕಾಂಟ್ರಾಸ್ಟ್ ಔಷಧಿಯೊಂದಿಗೆ ಬೇರೆಯೇ ವಿಧಾನ ಬೇಕು. ವೈದ್ಯರು ಪೂರ್ಣ ಡೋಸ್ ಸ್ಕ್ಯಾನ್ ಕೇಳಿದರೆ ಅದು ಅಜಾಗರೂಕತೆ ಎಂದುಕೊಳ್ಳಬೇಕಿಲ್ಲ.

ಬಟನ್ ಒತ್ತುವ ಮುಂಚೆ

ಕಾಳಾದ ಚಿತ್ರವನ್ನು ಕೃತಕ ಬುದ್ಧಿಮತ್ತೆ ಸರಿಪಡಿಸುತ್ತದೆ ಎಂಬ ಮಾತು ಎಲ್ಲರಿಗೂ ಪ್ರಿಯ. ಆದರೆ ಡೋಸ್ ಮತ್ತು ಚಿತ್ರ ಎರಡೂ ಕೈತಪ್ಪುವುದು ಹೆಚ್ಚಾಗಿ ಅದಕ್ಕೂ ಮೊದಲು, ಮೇಜಿನ ಮೇಲೆ ಮಲಗಿಸುವಾಗ.

ಮೊದಲನೆಯದು ಮಧ್ಯಬಿಂದು. ಮನುಷ್ಯ ಯಂತ್ರದ ಉಂಗುರದ ಸರಿಯಾದ ನಡುವೆ ಇರಬೇಕು. ಕೊಳವೆಯ ಮುಂದೆ ಬೋ-ಟೈ ಎಂಬ ಫಿಲ್ಟರ್ ಇರುತ್ತದೆ: ನಡುವೆ ತೆಳ್ಳಗೆ, ಅಂಚುಗಳಲ್ಲಿ ದಪ್ಪ. ದೇಹದ ನಡುಭಾಗ ದಪ್ಪ, ಅಂಚು ತೆಳು ಎಂಬ ಲೆಕ್ಕದಲ್ಲಿ ಕಿರಣವನ್ನು ಹಂಚುವುದು ಅದರ ಕೆಲಸ. ಮೇಜು ಕೆಲವೇ ಸೆಂಟಿಮೀಟರ್ ಮೇಲೋ ಕೆಳಗೋ ಆದರೆ ಈ ಹಂಚಿಕೆ ತಪ್ಪುತ್ತದೆ. ಒಂದು ಬದಿಯ ಚರ್ಮಕ್ಕೆ ಅನಗತ್ಯ ವಿಕಿರಣ, ಇನ್ನೊಂದು ಬದಿಯಲ್ಲಿ ಕಾಳು.

ಇನ್ನೊಂದು ಕೆಡುಕು ಕಣ್ಣಿಗೆ ಕಾಣುವುದಿಲ್ಲ. ಮುಖ್ಯ ಸ್ಕ್ಯಾನ್‌ಗೆ ಮುಂಚೆ ಸ್ಕೌಟ್ ಎಂಬ ಎಕ್ಸ್‌ರೇಯಂಥ ಚಿತ್ರ ತೆಗೆಯುತ್ತಾರೆ. ಅದನ್ನು ನೋಡಿ ಯಂತ್ರ ಎಲ್ಲಿ ಎಷ್ಟು ಕಿರಣ ಬೇಕು ಎಂದು ನಿರ್ಧರಿಸುತ್ತದೆ. ಸ್ಕೌಟ್ ತೆಗೆಯುವಾಗ ಕೊಳವೆ ಮೇಲಿದ್ದು, ಮೇಜು ಇರಬೇಕಾದ್ದಕ್ಕಿಂತ ಎತ್ತರದಲ್ಲಿದ್ದರೆ, ಹತ್ತಿರವಾದ ದೇಹ ಹಿಗ್ಗಿದಂತೆ ಕಾಣುತ್ತದೆ. ದಪ್ಪ ಮೈಯವರು ಎಂದು ತಿಳಿದ ಯಂತ್ರ ಡೋಸ್ ಏರಿಸುತ್ತದೆ. ಮೇಜು ತಗ್ಗಿದ್ದರೆ ದೇಹ ಕುಗ್ಗಿದಂತೆ ಕಂಡು, ಡೋಸ್ ಇಳಿದು, ಚಿತ್ರ ಕಾಳಾಗುತ್ತದೆ. ಕೊಳವೆ ಕೆಳಗಿದ್ದರೆ ಇದೆಲ್ಲ ತಿರುಗುಮುರುಗು. ಸಾಫ್ಟ್‌ವೇರ್ ಎಷ್ಟೇ ಹೊಸದಾದರೂ ಈ ತಪ್ಪು ಅದರ ಕಣ್ಣಿಗೆ ಬೀಳದಿರಬಹುದು. ಲೇಸರ್ ಗೆರೆಯನ್ನು ಪಕ್ಕೆಯ ನಡುವಿಗೆ ಹೊಂದಿಸುವ ತಂತ್ರಜ್ಞರ ಕೈಯೇ ಇದಕ್ಕೆ ಮದ್ದು.

ಕೈಗಳನ್ನು ತಲೆಯ ಮೇಲಕ್ಕೆ ಎತ್ತಿ ಮಲಗಿ ಎನ್ನುವುದಕ್ಕೂ ಕಾರಣವಿದೆ. ಕೈ ಪಕ್ಕದಲ್ಲಿದ್ದರೆ ಅಡ್ಡಲಾಗಿ ಹೋಗುವ ಕಿರಣ ಎರಡು ಹೆಚ್ಚುವರಿ ಮೂಳೆಗಳನ್ನು ದಾಟಬೇಕು. ಯಂತ್ರ ಡೋಸ್ ಏರಿಸುತ್ತದೆ. ಆದರೂ ಸಾಕಷ್ಟು ಫೋಟಾನ್ ದಾಟದೆ ಚಿತ್ರದಲ್ಲಿ ಅಡ್ಡಗೆರೆಗಳು ಮೂಡುತ್ತವೆ. ಭುಜದ ಎತ್ತರದಲ್ಲಿ ಈ ಗೆರೆಗಳು ಯಾವಾಗಲೂ ತುಸು ಇರುತ್ತವೆ. ಶ್ವಾಸಕೋಶದ ತುದಿಯಲ್ಲಿರುವ ಗಂಟು ಅಲ್ಲಿ ತಪ್ಪಿಸಿಕೊಳ್ಳುವುದು ಇದರಿಂದಲೇ. ಭುಜ ನೋವಿರುವವರು ಮೊದಲೇ ಹೇಳಿದರೆ ದಿಂಬು ಕೊಟ್ಟು ಕೈಗೆ ಆಸರೆ ಮಾಡಬಹುದು.

ಇನ್ನು ಉಸಿರು. ಪೂರ್ತಿ ಎಳೆದು ಹಿಡಿದಾಗ ಶ್ವಾಸಕೋಶ ಅರಳಿ ಗಾಳಿ ತುಂಬಿರುತ್ತದೆ, ಅಂತರ ಎದ್ದು ಕಾಣುತ್ತದೆ. ಅರೆಬರೆ ಉಸಿರಿನಲ್ಲಿ ತೆಗೆದ ಸ್ಕ್ಯಾನ್‌ನಲ್ಲಿ ಶ್ವಾಸಕೋಶವೇ ಮಸುಕಾಗಿ, ಇಲ್ಲದ ಗ್ರೌಂಡ್ ಗ್ಲಾಸ್ ಇದ್ದಂತೆ ತೋರುತ್ತದೆ. ನಡುವೆ ಉಸಿರು ಬಿಟ್ಟರೆ ವಪೆಯ ಬಳಿ ರಕ್ತನಾಳಗಳು ಎರಡೆರಡಾಗಿ ಕಾಣುತ್ತವೆ. ಆಗ ಮತ್ತೊಮ್ಮೆ ಸ್ಕ್ಯಾನ್ ಮಾಡಬೇಕಾಗುತ್ತದೆ, ಅಂದರೆ ಡೋಸ್ ಇಮ್ಮಡಿ. ಸೂಚನೆಯನ್ನು ಒಮ್ಮೆ ಅಭ್ಯಾಸ ಮಾಡಿಸುವುದಕ್ಕಿಂತ ಅಗ್ಗದ ವಿಕಿರಣ ಉಳಿತಾಯ ಬೇರೊಂದಿಲ್ಲ.

ಸ್ಕ್ಯಾನ್ ಮಾಡುವ ಉದ್ದವನ್ನೂ ನೋಡಬೇಕು. ಶ್ವಾಸಕೋಶದ ತುದಿಯಿಂದ ಬುಡದವರೆಗೆ ಸಾಕು. ಮೇಲೆ ಕತ್ತಿನ ಕಡೆ ಮೂರು, ಕೆಳಗೆ ಹೊಟ್ಟೆಯ ಕಡೆ ನಾಲ್ಕು ಸೆಂಟಿಮೀಟರ್ ಹೆಚ್ಚಾದರೆ 28 ಸೆಂಟಿಮೀಟರ್ ಇದ್ದದ್ದು 35 ಆಗುತ್ತದೆ; ಡೋಸ್ ಕಾಲುಭಾಗ ಹೆಚ್ಚುತ್ತದೆ. ಕತ್ತಿನಲ್ಲಿರುವ ಥೈರಾಯ್ಡ್ ವಿಕಿರಣಕ್ಕೆ ಸೂಕ್ಷ್ಮವಾದ ಗ್ರಂಥಿ ಎಂಬುದನ್ನೂ ನೆನಪಿಡಬೇಕು.

ಕರೆಂಟು, ವೋಲ್ಟೇಜು, ತವರದ ಹಾಳೆ

ಯಂತ್ರದಲ್ಲಿ ತಿರುಗಿಸಬಹುದಾದ ಮುಖ್ಯ ಗುಂಡಿಗಳು ಎರಡು. ಟ್ಯೂಬ್ ಕರೆಂಟ್, ಅಂದರೆ ಎಷ್ಟು ಫೋಟಾನ್‌ಗಳು. ಅರ್ಧ ಮಾಡಿದರೆ ಡೋಸ್ ಸರಿಯಾಗಿ ಅರ್ಧ. ಟ್ಯೂಬ್ ವೋಲ್ಟೇಜ್, ಅಂದರೆ ಫೋಟಾನ್‌ಗಳಿಗೆ ಎಷ್ಟು ಶಕ್ತಿ. ಇದರ ಪರಿಣಾಮ ಇನ್ನೂ ತೀಕ್ಷ್ಣ. ಉಳಿದದ್ದನ್ನು ಹಾಗೆಯೇ ಇಟ್ಟು 120 ಕಿಲೋವೋಲ್ಟ್‌ನಿಂದ 100ಕ್ಕೆ ಇಳಿಸಿದರೆ ಡೋಸ್ ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ. ತೆಳ್ಳಗಿನವರಿಗೆ ಇದು ಒಪ್ಪುತ್ತದೆ. ದಪ್ಪ ಮೈಯವರಲ್ಲಿ ಕಡಿಮೆ ಶಕ್ತಿಯ ಫೋಟಾನ್‌ಗಳು ಒಳಗೇ ಹೀರಿಹೋಗಿ ಡಿಟೆಕ್ಟರ್ ತಲುಪುವುದೇ ಇಲ್ಲ. ಅವರಿಗೆ 120 ಬೇಕಾಗಬಹುದು. ಎಲ್ಲರಿಗೂ ಒಂದೇ ಸೆಟ್ಟಿಂಗ್ ಇಡುವ ಕೇಂದ್ರದಲ್ಲಿ ತೆಳ್ಳಗಿನವರಿಗೆ ವಿಕಿರಣ ಹೆಚ್ಚು, ದಪ್ಪಗಿನವರಿಗೆ ಚಿತ್ರ ಕೆಟ್ಟದ್ದು.

ಇದನ್ನು ತಪ್ಪಿಸಲು ಆಟೋಮ್ಯಾಟಿಕ್ ಕರೆಂಟ್ ಮಾಡ್ಯುಲೇಷನ್ ಇದೆ. ಭುಜದ ಬಳಿ ಕರೆಂಟ್ ಏರಿ, ಗಾಳಿ ತುಂಬಿದ ನಡುಎದೆಯಲ್ಲಿ ಇಳಿದು, ಯಕೃತ್ತಿನ ಮಟ್ಟದಲ್ಲಿ ಮತ್ತೆ ಏರುತ್ತದೆ. ಒಂದೇ ಸುತ್ತಿನಲ್ಲೂ ಅಡ್ಡಲಾಗಿ ಹೋಗುವಾಗ ಹೆಚ್ಚು, ಮುಂದಿನಿಂದ ಹಿಂದಕ್ಕೆ ಹೋಗುವಾಗ ಕಡಿಮೆ. ಎಚ್ಚರ ಬೇಕಾದದ್ದು ಗುರಿ ಇಡುವಲ್ಲಿ: ತೀರಾ ನುಣುಪಾದ ಚಿತ್ರ ಬೇಕು ಎಂದು ಗುರಿ ಇಟ್ಟರೆ ಇದೇ ವ್ಯವಸ್ಥೆ ತಾನಾಗಿ ಡೋಸ್ ಏರಿಸುತ್ತದೆ.

ಕೆಲವು ಯಂತ್ರಗಳಲ್ಲಿ ಕೊಳವೆಯ ಮುಂದೆ ಅರ್ಧ ಮಿಲಿಮೀಟರ್ ಆಸುಪಾಸಿನ ತವರದ ಹಾಳೆ ಬರುತ್ತದೆ. ಚರ್ಮದಲ್ಲೇ ಹೀರಿಹೋಗಿ ಚಿತ್ರಕ್ಕೆ ಏನೂ ಕೊಡದ ಕಡಿಮೆ ಶಕ್ತಿಯ ಫೋಟಾನ್‌ಗಳನ್ನು ಇದು ಮೊದಲೇ ತಡೆಯುತ್ತದೆ. ಕಾಂಟ್ರಾಸ್ಟ್ ಇಲ್ಲದ ಶ್ವಾಸಕೋಶ ಸ್ಕ್ಯಾನ್ ಅನ್ನು ಎದೆಯ ಎಕ್ಸ್‌ರೇಗೆ ಹತ್ತಿರದ ಡೋಸ್‌ಗೆ ಇಳಿಸಲು ಸಾಧ್ಯವಾಗಿರುವುದು ಇದರಿಂದ. ಅಯೋಡಿನ್ ಕಾಂಟ್ರಾಸ್ಟ್ ಬಳಸುವ ಸ್ಕ್ಯಾನ್‌ಗೆ ಮಾತ್ರ ಇದು ಹೊಂದುವುದಿಲ್ಲ. ಅಯೋಡಿನ್ ಎದ್ದು ಕಾಣುವುದೇ ಆ ಕಡಿಮೆ ಶಕ್ತಿಯ ಫೋಟಾನ್‌ಗಳಲ್ಲಿ.

ಹೋಳಿನ ದಪ್ಪ: ಒಂದು ಸಣ್ಣ ಲೆಕ್ಕ

ಚಿತ್ರದಲ್ಲಿ ಕಾಳು ಹೆಚ್ಚಾದಾಗ ದಪ್ಪ ಹೋಳು ಮಾಡಿ ನೋಡುವ ಆಸೆ ಹುಟ್ಟುತ್ತದೆ. 1 ಮಿ.ಮೀ. ಬದಲು 5 ಮಿ.ಮೀ. ಹೋಳು ತೆಗೆದರೆ ಐದು ಪಟ್ಟು ಫೋಟಾನ್‌ಗಳು ಒಂದಾಗಿ ನಾಯ್ಸ್ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಬೆಲೆ ಏನು?

4 ಮಿ.ಮೀ. ಗಂಟು ಒಂದನ್ನು ತೆಗೆದುಕೊಳ್ಳಿ, ಸಾಂದ್ರತೆ ಪ್ಲಸ್ 30. ಅದು ಪೂರ್ತಿಯಾಗಿ ಒಂದು 5 ಮಿ.ಮೀ. ಹೋಳಿನೊಳಗೆ ಬಂದರೂ, ನಡುವೆ ಐದರಲ್ಲಿ ನಾಲ್ಕು ಪಾಲು ಗಂಟು, ಒಂದು ಪಾಲು ಸುತ್ತಲಿನ ಮೈನಸ್ 850ರ ಶ್ವಾಸಕೋಶ. ಸರಾಸರಿ ಸುಮಾರು ಮೈನಸ್ 146. ಅದೇ ಗಂಟು ಎರಡು ಹೋಳುಗಳ ಗಡಿಯಲ್ಲಿ ಸರಿಪಾಲಾದರೆ ಒಂದೊಂದರಲ್ಲೂ ಎರಡು ಪಾಲು ಗಂಟು, ಮೂರು ಪಾಲು ಶ್ವಾಸಕೋಶ. ಸರಾಸರಿ ಮೈನಸ್ 498. ಗಟ್ಟಿ ಗಂಟೊಂದು ಗ್ರೌಂಡ್ ಗ್ಲಾಸ್‌ನಂತೆ ಕಂಡಿತು. ಈ ಕಾರಣಕ್ಕೆ ಶ್ವಾಸಕೋಶವನ್ನು 1 ಮಿ.ಮೀ. ಅಥವಾ ಅದರ ಆಸುಪಾಸಿನ ಹೋಳಿನಲ್ಲೇ ಓದಬೇಕು. ಕಾಳನ್ನು ಬೇರೆ ದಾರಿಯಲ್ಲಿ ಪಳಗಿಸಬೇಕು.

ಕಂಪ್ಯೂಟರ್ ಕಾಳನ್ನು ಹೇಗೆ ತೆಗೆಯುತ್ತದೆ?

ಅಳತೆಗಳಿಂದ ಚಿತ್ರ ಕಟ್ಟುವ ಹಳೆಯ ದಾರಿ ಫಿಲ್ಟರ್ಡ್ ಬ್ಯಾಕ್ ಪ್ರೊಜೆಕ್ಷನ್. ಪ್ರತಿ ಕೋನದ ಅಳತೆಯನ್ನೂ ಒಂದು ಗಣಿತದ ಜರಡಿಯಲ್ಲಿ ಹಾಯಿಸಿ, ಬಂದ ದಾರಿಯಲ್ಲೇ ಹಿಂದಕ್ಕೆ ಹರಡಿ ಕೂಡಿಸುವುದು. ವೇಗ ಹೆಚ್ಚು, ಫಲಿತಾಂಶ ಊಹಿಸಬಹುದಾದದ್ದು. ಆದರೆ ಎಲ್ಲ ಅಳತೆಗಳನ್ನೂ ಅದು ಸಮಾನವಾಗಿ ನಂಬುತ್ತದೆ. ಭುಜ ದಾಟಿ ಬಂದ ಬೆರಳೆಣಿಕೆಯ ಫೋಟಾನ್‌ಗಳ ಮಾತಿಗೂ, ಗಾಳಿ ದಾಟಿ ಬಂದ ಸಾವಿರಾರು ಫೋಟಾನ್‌ಗಳ ಮಾತಿಗೂ ಒಂದೇ ತೂಕ. ಡೋಸ್ ಇಳಿದಾಗ ಅಡ್ಡಗೆರೆಗಳು ಏಳುವುದು ಇಲ್ಲಿಂದಲೇ.

ಎರಡನೆಯ ದಾರಿ ಇಟರೇಟಿವ್ ರೀಕನ್‌ಸ್ಟ್ರಕ್ಷನ್. ಮೊದಲು ಒಂದು ಚಿತ್ರವನ್ನು ಊಹಿಸುವುದು, ಆ ಚಿತ್ರ ನಿಜವಾಗಿದ್ದರೆ ಡಿಟೆಕ್ಟರ್‌ನಲ್ಲಿ ಯಾವ ಅಳತೆ ಬರಬೇಕಿತ್ತು ಎಂದು ಲೆಕ್ಕ ಹಾಕುವುದು, ನಿಜವಾದ ಅಳತೆಗೆ ಹೋಲಿಸಿ ತಿದ್ದುವುದು, ಮತ್ತೆ ಮೊದಲಿನಿಂದ. ಇಲ್ಲಿ ಕಡಿಮೆ ಫೋಟಾನ್‌ಗಳ ಅಳತೆಗೆ ಕಡಿಮೆ ತೂಕ ಕೊಡಬಹುದು. ಹೌನ್ಸ್‌ಫೀಲ್ಡ್ 1970ರ ದಶಕದ ಆರಂಭದಲ್ಲಿ ಬಳಸಿದ್ದೂ ಈ ಬಗೆಯ ಲೆಕ್ಕವನ್ನೇ. ಚಿತ್ರ ದೊಡ್ಡದಾದಂತೆ ಅಂದಿನ ಕಂಪ್ಯೂಟರ್‌ಗಳಿಗೆ ಅದು ನಿಲುಕದೆ ಮೂಲೆಗೆ ಸರಿಯಿತು. ಸುಮಾರು 2009ರ ಹೊತ್ತಿಗೆ ಆಸ್ಪತ್ರೆಯ ಯಂತ್ರಗಳಿಗೆ ಮರಳಿ ಬಂತು. ಹೆಚ್ಚು ಒತ್ತು ಕೊಟ್ಟು ಬಳಸಿದರೆ ಮಾತ್ರ ಚಿತ್ರಕ್ಕೆ ಪ್ಲಾಸ್ಟಿಕ್‌ನಂಥ ನುಣುಪು ಬಂದು, ಶ್ವಾಸಕೋಶದ ಸೂಕ್ಷ್ಮ ಬಲೆಯಂಥ ಗೆರೆಗಳು ಅಳಿಸಿಹೋಗುತ್ತವೆ. ಅದಕ್ಕೇ ಪೂರ್ಣ ಒತ್ತಿಗಿಂತ ಮಧ್ಯಮ ಮಟ್ಟವನ್ನು ಹಲವು ರೇಡಿಯಾಲಜಿಸ್ಟ್‌ಗಳು ಇಷ್ಟಪಡುತ್ತಾರೆ.

ಮೂರನೆಯದು ಡೀಪ್ ಲರ್ನಿಂಗ್ ಎಂಬ ಕೃತಕ ಬುದ್ಧಿಮತ್ತೆಯ ವಿಧಾನ. 2019ರಿಂದ ಇಂಥ ವ್ಯವಸ್ಥೆಗಳಿಗೆ ಅಮೆರಿಕದ ಔಷಧ ನಿಯಂತ್ರಕರ ಅನುಮತಿ ಸಿಗುತ್ತಿದೆ. ಕಡಿಮೆ ಡೋಸ್‌ನ ಚಿತ್ರ ಮತ್ತು ಪೂರ್ಣ ಡೋಸ್‌ನ ಚಿತ್ರ, ಇಂಥ ಸಾವಿರಾರು ಜೋಡಿಗಳನ್ನು ತೋರಿಸಿ, ಮೊದಲನೆಯದರಿಂದ ಎರಡನೆಯದನ್ನು ಪಡೆಯುವುದನ್ನು ನ್ಯೂರಲ್ ನೆಟ್‌ವರ್ಕ್‌ಗೆ ಕಲಿಸುವುದು. ಇಟರೇಟಿವ್‌ಗಿಂತ ವೇಗ, ಚಿತ್ರದ ಹದವೂ ಸಹಜಕ್ಕೆ ಹತ್ತಿರ.

ಜೋಡಿ ಎಲ್ಲಿಂದ ಬರುತ್ತದೆ ಎಂಬುದು ಕೇಳಲೇಬೇಕಾದ ಪ್ರಶ್ನೆ. ಒಬ್ಬರನ್ನೇ ಎರಡು ಸಲ ಸ್ಕ್ಯಾನ್ ಮಾಡುವುದು ವಿಕಿರಣದ ದೃಷ್ಟಿಯಿಂದ ತಪ್ಪು. ಮಾಡಿದರೂ ಎರಡು ಉಸಿರುಗಳು ಒಂದೇ ತೆರನಾಗಿರುವುದಿಲ್ಲ. ಆದ್ದರಿಂದ ಪೂರ್ಣ ಡೋಸ್‌ನ ಮೂಲ ಅಳತೆಗೆ ಲೆಕ್ಕ ಹಾಕಿ ನಾಯ್ಸ್ ಬೆರೆಸಿ, ಕಾಲುಭಾಗ ಡೋಸ್‌ನಲ್ಲಿ ತೆಗೆದಂತೆ ಮಾಡುತ್ತಾರೆ. 2016ರಲ್ಲಿ ಮೇಯೊ ಕ್ಲಿನಿಕ್ ಮತ್ತು ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘ ಸೇರಿ ನಡೆಸಿದ ಲೋ-ಡೋಸ್ ಸಿಟಿ ಸ್ಪರ್ಧೆಯ ದತ್ತಾಂಶ ಹೀಗೆ ತಯಾರಾದದ್ದು. ಅನೇಕ ಸಂಶೋಧನೆಗಳು ಅದನ್ನೇ ಆಧರಿಸಿವೆ. ಆದರೆ ಆ ಸ್ಪರ್ಧೆಯ ಚಿತ್ರಗಳು ಹೊಟ್ಟೆಯವು, ಯಕೃತ್ತಿನ ಗೆಡ್ಡೆ ಹುಡುಕಲು ತೆಗೆದವು. ಮೃದು ಅಂಗಾಂಶದ ಮೇಲೆ ಕಲಿತ ನೆಟ್‌ವರ್ಕ್ ಶ್ವಾಸಕೋಶದ ಚೂಪಾದ ಅಂಚುಗಳ ಮುಂದೆ ತಡವರಿಸಬಹುದು. ಶ್ವಾಸಕೋಶಕ್ಕೆ ಶ್ವಾಸಕೋಶದ ಮೇಲೆಯೇ ಕಲಿತದ್ದು ಬೇಕು.

ಅಂಕ ಹೆಚ್ಚಿದರೆ ಸಾಲದು

ಈ ನೆಟ್‌ವರ್ಕ್‌ಗಳು ಎಷ್ಟು ಚೆನ್ನಾಗಿವೆ ಎಂದು ಹೇಳಲು ಪಿಎಸ್‌ಎನ್‌ಆರ್, ಎಸ್‌ಎಸ್‌ಐಎಂ ಎಂಬ ಅಂಕಗಳನ್ನು ಬಳಸುತ್ತಾರೆ. ಎರಡೂ ಪೂರ್ಣ ಡೋಸ್‌ನ ಚಿತ್ರಕ್ಕೆ ಎಷ್ಟು ಹೋಲುತ್ತದೆ ಎಂದು ಇಡೀ ಚಿತ್ರದ ಮೇಲೆ ಸರಾಸರಿ ಹಾಕುತ್ತವೆ. ಒಂದು ಸಿಟಿ ಹೋಳಿನಲ್ಲಿ 512ರ ಸಾಲುಗಳು 512, ಒಟ್ಟು 2,62,144 ಪಿಕ್ಸೆಲ್. 350 ಮಿ.ಮೀ. ಅಗಲದ ಚಿತ್ರದಲ್ಲಿ ಒಂದು ಪಿಕ್ಸೆಲ್ ಎಂದರೆ 0.68 ಮಿ.ಮೀ. ನಮ್ಮ 4 ಮಿ.ಮೀ. ಗಂಟು ಆವರಿಸುವುದು ಸುಮಾರು 27 ಪಿಕ್ಸೆಲ್. ನೆಟ್‌ವರ್ಕ್ ಆ 27ನ್ನೂ ಒರೆಸಿಹಾಕಿದರೆ ಸರಾಸರಿ ಅಂಕ ಹೆಚ್ಚುಕಡಿಮೆ ಅಲುಗುವುದಿಲ್ಲ. ಪರೀಕ್ಷೆಯ ಉದ್ದೇಶ ಮಾತ್ರ ಪೂರ್ತಿ ವಿಫಲ.

ತಪ್ಪು ಎರಡು ದಿಕ್ಕಿನಲ್ಲಿ ಆಗುತ್ತದೆ. ಸರಾಸರಿ ದೋಷ ಕಡಿಮೆ ಮಾಡು ಎಂದಷ್ಟೇ ಕಲಿಸಿದ ನೆಟ್‌ವರ್ಕ್ ಅನುಮಾನ ಬಂದ ಕಡೆಯಲ್ಲೆಲ್ಲ ಮಸುಕು ಮಾಡುತ್ತದೆ. ಮಸುಕು ಬೇಡ, ನಿಜವಾದ ಚಿತ್ರದಂತೆ ಕಾಣಬೇಕು ಎಂದು ಒತ್ತಾಯಿಸಿ ಕಲಿಸಿದ ನೆಟ್‌ವರ್ಕ್, ಅಲ್ಲಿ ಇಲ್ಲದ ರಚನೆಯನ್ನು ಸೃಷ್ಟಿಸಬಲ್ಲದು. ಎರಡನೆಯದು ಹೆಚ್ಚು ಅಪಾಯಕಾರಿ. ಕಾಳಾದ ಚಿತ್ರ ತನ್ನ ದೌರ್ಬಲ್ಯವನ್ನು ತಾನೇ ತೋರಿಸುತ್ತದೆ, ನುಣುಪಾದ ಚಿತ್ರ ಮುಚ್ಚಿಡುತ್ತದೆ. ಆದ್ದರಿಂದ ಸರಿಯಾದ ಪರೀಕ್ಷೆ ಒಂದೇ: ಗೊತ್ತಿರುವ ಗಾತ್ರ ಮತ್ತು ಸಾಂದ್ರತೆಯ ಗಂಟುಗಳಿರುವ ಫ್ಯಾಂಟಮ್ ಎಂಬ ಕೃತಕ ಎದೆಯನ್ನು, ಹಾಗೆಯೇ ನಿಜವಾದ ರೋಗಿಗಳ ಚಿತ್ರಗಳನ್ನು ರೇಡಿಯಾಲಜಿಸ್ಟ್‌ಗಳ ಮುಂದಿಟ್ಟು, ಎಷ್ಟು ಗಂಟು ಕಂಡವು, ಎಷ್ಟು ತಪ್ಪಿದವು, ಇಲ್ಲದ್ದು ಎಷ್ಟು ಕಂಡಿತು ಎಂದು ಎಣಿಸುವುದು.

ಫೋಟಾನ್ ಎಣಿಸುವ ಡಿಟೆಕ್ಟರ್

ಸಾಮಾನ್ಯ ಡಿಟೆಕ್ಟರ್ ಎಕ್ಸ್‌ರೇಯನ್ನು ಮೊದಲು ಬೆಳಕಾಗಿ, ಆಮೇಲೆ ವಿದ್ಯುತ್ತಾಗಿ ಬದಲಿಸುತ್ತದೆ. ಡೋಸ್ ತೀರಾ ಕಡಿಮೆಯಾದಾಗ ಆ ಸರ್ಕ್ಯೂಟಿನ ಸ್ವಂತ ಗುಜುಗುಜು ನಿಜವಾದ ಸಂಕೇತದೊಂದಿಗೆ ಬೆರೆಯುತ್ತದೆ. 2021ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಫೋಟಾನ್ ಕೌಂಟಿಂಗ್ ಸಿಟಿಯಲ್ಲಿ ಕ್ಯಾಡ್ಮಿಯಂ ಟೆಲ್ಯುರೈಡ್ ಹರಳು ಪ್ರತಿ ಫೋಟಾನ್ ಅನ್ನೂ ನೇರವಾಗಿ ವಿದ್ಯುತ್ ಮಿಡಿತವಾಗಿಸಿ ಎಣಿಸುತ್ತದೆ. ನಿಗದಿತ ಮಟ್ಟಕ್ಕಿಂತ ಕೆಳಗಿನ ಮಿಡಿತ ಲೆಕ್ಕಕ್ಕಿಲ್ಲ, ಹಾಗಾಗಿ ಸರ್ಕ್ಯೂಟಿನ ಗುಜುಗುಜು ಹೊರಗೇ ಉಳಿಯುತ್ತದೆ. ಡಿಟೆಕ್ಟರ್‌ನ ಚೌಕಗಳೂ ಚಿಕ್ಕವು, 0.2 ಮಿ.ಮೀ. ಹೋಳು ಸಾಧ್ಯ. ಯಂತ್ರ ದುಬಾರಿ, ಸದ್ಯಕ್ಕೆ ಆಯ್ದ ಕೇಂದ್ರಗಳಲ್ಲಷ್ಟೇ ಇದೆ.

ಸ್ಕ್ಯಾನ್‌ಗೆ ಹೋಗುವವರು ಕೇಳಬಹುದಾದದ್ದು

ಯಾವ ಪ್ರಶ್ನೆಗೆ ಉತ್ತರ ಹುಡುಕಲು ಈ ಸ್ಕ್ಯಾನ್ ಎಂದು ವೈದ್ಯರನ್ನು ಕೇಳಿ. ಗಂಟಿನ ತಪಾಸಣೆ ಅಥವಾ ಮರುಪರೀಕ್ಷೆಯಾದರೆ ಲೋ-ಡೋಸ್ ಸಾಕೇ ಎಂದೂ ಕೇಳಬಹುದು. ಗರ್ಭಿಣಿಯಾಗಿರುವ ಸಾಧ್ಯತೆಯಿದ್ದರೆ ಮೊದಲೇ ತಿಳಿಸಿ. ಮಕ್ಕಳ ಸ್ಕ್ಯಾನ್ ಆದರೆ ಸೆಟ್ಟಿಂಗ್ ಮಗುವಿನ ತೂಕಕ್ಕೆ ತಕ್ಕಂತೆ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಬೆಳೆಯುವ ಅಂಗಾಂಶ ವಿಕಿರಣಕ್ಕೆ ಹೆಚ್ಚು ಸೂಕ್ಷ್ಮ. ಸರ, ಲೋಹದ ಹುಕ್ಕಿರುವ ಒಳಉಡುಪು ತೆಗೆದಿಡಿ. ಸ್ಕ್ಯಾನ್ ಆದ ಮೇಲೆ ಫಿಲ್ಮ್ ಹಾಳೆಯಷ್ಟೇ ಸಾಲದು. ಪೂರ್ಣ ಡಿಜಿಟಲ್ ಚಿತ್ರಗಳನ್ನೂ ಡೋಸ್ ರಿಪೋರ್ಟನ್ನೂ ಕೇಳಿ ಇಟ್ಟುಕೊಳ್ಳಿ. ಹಳೆಯ ಚಿತ್ರ ಕೈಯಲ್ಲಿದ್ದರೆ ಎಷ್ಟೋ ಸಲ ಹೊಸ ಸ್ಕ್ಯಾನ್ ಬೇಡವೇ ಆಗುತ್ತದೆ.

ಮರುಪರೀಕ್ಷೆಗೆ ಹೋಗುವವರಿಗೆ ಇನ್ನೊಂದು ಮಾತು. ಗಂಟು ಬೆಳೆದಿದೆಯೇ ಎಂದು ಹೇಳಲು ಅದರ ಘನಗಾತ್ರವನ್ನು ಅಳೆಯುತ್ತಾರೆ; ಶ್ವಾಸಕೋಶ ಕ್ಯಾನ್ಸರ್ ತಪಾಸಣೆಯ ಬಗ್ಗೆ ಯುರೋಪಿನಲ್ಲಿ ನಡೆದ ನೆಲ್ಸನ್ ಅಧ್ಯಯನ ಶೇ. 25ರಷ್ಟು ಹೆಚ್ಚಳವನ್ನು ಬೆಳವಣಿಗೆ ಎಂದು ಪರಿಗಣಿಸಿತು. 6 ಮಿ.ಮೀ. ಗಂಟಿನ ಘನಗಾತ್ರ ಶೇ. 25 ಹೆಚ್ಚಿದರೆ ಅದರ ಅಡ್ಡಳತೆ 6.46 ಮಿ.ಮೀ. ಆಗುತ್ತದೆ. ವ್ಯತ್ಯಾಸ ಅರ್ಧ ಮಿಲಿಮೀಟರ್ ಕೂಡ ಇಲ್ಲ, ಒಂದು ಪಿಕ್ಸೆಲ್‌ಗಿಂತ ಕಡಿಮೆ. ಮೊದಲ ಸ್ಕ್ಯಾನ್ 5 ಮಿ.ಮೀ. ಹೋಳಿನಲ್ಲಿ ಹಳೆಯ ವಿಧಾನದಿಂದ, ಎರಡನೆಯದು 1 ಮಿ.ಮೀ. ಹೋಳಿನಲ್ಲಿ ಡೀಪ್ ಲರ್ನಿಂಗ್‌ನಿಂದ ಬಂದಿದ್ದರೆ, ಇಲ್ಲದ ಬೆಳವಣಿಗೆ ಕಾಣಬಹುದು, ಇದ್ದದ್ದು ಮರೆಯಾಗಲೂಬಹುದು. ಸಾಧ್ಯವಾದಷ್ಟೂ ಅದೇ ಕೇಂದ್ರ, ಅದೇ ಯಂತ್ರ, ಅದೇ ಹೋಳಿನ ದಪ್ಪ, ಅದೇ ರೀಕನ್‌ಸ್ಟ್ರಕ್ಷನ್, ಅಷ್ಟೇ ಪೂರ್ತಿ ಎಳೆದ ಉಸಿರು ಇರುವಂತೆ ನೋಡಿಕೊಳ್ಳಿ. ಯಂತ್ರ ಬದಲಾಗುವುದು ಅನಿವಾರ್ಯವಾದರೆ, ಹಳೆಯ ಸ್ಕ್ಯಾನ್ ಯಾವ ವಿಧಾನದಲ್ಲಿ ತೆಗೆದದ್ದು ಎಂಬುದು ಚಿತ್ರದ ಡಿಜಿಟಲ್ ಫೈಲಿನೊಳಗೇ ದಾಖಲಾಗಿರುತ್ತದೆ, ಸಿ.ಡಿ. ಅಥವಾ ಪೆನ್‌ಡ್ರೈವ್ ಜೊತೆಗೊಯ್ದರೆ ರೇಡಿಯಾಲಜಿಸ್ಟ್ ಅದನ್ನು ಗಮನದಲ್ಲಿಟ್ಟು ಅಳೆಯುತ್ತಾರೆ.